ಮೂರು ನಿಮಿಷದ ಮಹಾವೀರ

ಎತ್ತರ 40 ಮೀಟರ್, ಅಂದರೆ ಹದಿಮೂರು ಅಂತಸ್ತಿನ ಕಟ್ಟಡದಷ್ಟು. ತೂಕ 35,000 ಟನ್. ಬೆಳ್ಳಿಬಣ್ಣದ ಮೈ, ಅದರ ಮೇಲೆ ಕೆಂಪು ಪಟ್ಟೆಗಳು. ಎರಡು ಕೈಗಳನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿದರೆ ಸಾಕು, ಕಣ್ಣು ಕೋರೈಸುವ ಕಿರಣವೊಂದು ಹೊರಟು ಎದುರಿಗಿರುವ ದೈತ್ಯಪ್ರಾಣಿ ಚೂರುಚೂರು! ಜಪಾನಿನ ಮಕ್ಕಳು 1966ರಲ್ಲಿ ಮೊದಲ ಬಾರಿಗೆ ಟಿ.ವಿ.ಯಲ್ಲಿ ಕಂಡ ಮಹಾವೀರ ‘ಅಲ್ಟ್ರಾಮನ್’ನ ಪರಿಚಯವಿದು.

ಇಷ್ಟೆಲ್ಲ ಶಕ್ತಿಯಿದ್ದರೂ ಈತನಿಗೊಂದು ಕೊರತೆಯುಂಟು. ಭೂಮಿಯ ಮೇಲೆ ಆತ ಹೋರಾಡಬಲ್ಲದ್ದು ಸುಮಾರು ಮೂರು ನಿಮಿಷ ಮಾತ್ರ. ಎದೆಯ ಮೇಲಿನ ನೀಲಿ ದೀಪ ಕೆಂಪಾಗಿ ಮಿಟುಕತೊಡಗಿತೆಂದರೆ ಶಕ್ತಿ ಮುಗಿಯುತ್ತ ಬಂದಿದೆ ಎಂದೇ ಅರ್ಥ. ಗೆಲ್ಲುವನೋ ಇಲ್ಲವೋ ಎಂದು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದ ಗಳಿಗೆ ಅದು.

ಆ ದೀಪವನ್ನು ಇಟ್ಟವರಾರು? ಏಕೆ ಇಟ್ಟರು? ಕಥೆಗೆ ಬಿಗುವು ಬರಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹಣ. ದೈತ್ಯರ ಹೋರಾಟವನ್ನು ಚಿತ್ರಿಸುವುದು ಬಹಳ ದುಬಾರಿಯ ಕೆಲಸ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಕೆಲವೇ ನಿಮಿಷ ಅದನ್ನು ತೋರಿಸಲು ಸಾಧ್ಯವಿತ್ತು. ದೀಪ ಮಿಟುಕುವುದಕ್ಕೂ ಕಾರಣವುಂಟು. ಕಾರ್ಯಕ್ರಮವೇನೋ ಬಣ್ಣದಲ್ಲಿತ್ತು, ಆದರೆ ಆಗ ಜಪಾನಿನ ಬಹುಪಾಲು ಮನೆಗಳಲ್ಲಿ ಇದ್ದದ್ದು ಕಪ್ಪು-ಬಿಳುಪು ಟಿ.ವಿ. ಅದರಲ್ಲಿ ನೀಲಿ ಯಾವುದು, ಕೆಂಪು ಯಾವುದು? ಮಿಟುಕಿದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ವೀರನ ದೌರ್ಬಲ್ಯವೇ ಹೀಗೆ ಲೆಕ್ಕಾಚಾರದಿಂದ ಹುಟ್ಟಿದ್ದಾದರೆ, ಅವನ ಶಕ್ತಿಯೆಲ್ಲ ಎಲ್ಲಿಂದ ಬಂತು? ಪರದೆಯ ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದು. ಅಲ್ಲಿ ಮಂತ್ರವಿಲ್ಲ, ಮಾಯೆಯಿಲ್ಲ. ಇರುವುದು ಭೌತವಿಜ್ಞಾನ, ಕೈಕಸುಬು ಮತ್ತು ಕೆಲವರ ಬೆವರು.

ಕೈಯಲ್ಲಿ ಕಾಸಿಲ್ಲ, ಯಂತ್ರಕ್ಕೆ ಆರ್ಡರು

ಈ ಕಥೆಯ ಹಿರಿಯ ಐಜಿ ತ್ಸುಬುರಾಯ. 1954ರ ‘ಗಾಡ್ಜಿಲ್ಲಾ’ ಚಲನಚಿತ್ರದಲ್ಲಿ ಟೋಕಿಯೋ ನಗರವನ್ನು ತುಳಿದುಹಾಕುವ ದೈತ್ಯನ ದೃಶ್ಯಗಳನ್ನು ರೂಪಿಸಿ ಹೆಸರಾದವರು. 1963ರಲ್ಲಿ ಅವರು ತಮ್ಮದೇ ಸಂಸ್ಥೆಯನ್ನು ಕಟ್ಟಿದರು. ಕಟ್ಟಿದವರೇ ಅಮೆರಿಕದಿಂದ ‘ಆಕ್ಸ್‌ಬೆರಿ’ ಎಂಬ ದುಬಾರಿ ಆಪ್ಟಿಕಲ್ ಪ್ರಿಂಟರ್ ತರಿಸಲು ಆರ್ಡರು ಕೊಟ್ಟುಬಿಟ್ಟರು. ಹಣ ತೆರುವ ಹೊತ್ತಿಗೆ ಕೈ ಖಾಲಿ! ಕೊನೆಗೆ ಟಿ.ಬಿ.ಎಸ್. ಟೆಲಿವಿಷನ್ ಸಂಸ್ಥೆ ಆ ಯಂತ್ರವನ್ನು ಕೊಂಡು ಅವರನ್ನು ಪಾರುಮಾಡಿತು. ಕೊಂಡ ಯಂತ್ರಕ್ಕೆ ಕೆಲಸ ಬೇಡವೇ? 1966ರ ಜನವರಿಯಲ್ಲಿ ‘ಅಲ್ಟ್ರಾ ಕ್ಯೂ’ ಎಂಬ ಕಪ್ಪು-ಬಿಳುಪು ಧಾರಾವಾಹಿ ಬಂತು. ಅದು ಮುಗಿದ ಬೆನ್ನಿಗೆ, ಜುಲೈ 17ರಂದು, ‘ಅಲ್ಟ್ರಾಮನ್’ ಬಣ್ಣದಲ್ಲಿ ಆರಂಭವಾಯಿತು. ಪ್ರತಿ ಭಾನುವಾರ ಸಂಜೆ ಏಳು ಗಂಟೆಗೆ.

ಆಪ್ಟಿಕಲ್ ಪ್ರಿಂಟರ್ ಎಂದರೇನು? ಒಂದು ಪ್ರೊಜೆಕ್ಟರು, ಅದರ ಎದುರಿಗೊಂದು ಕ್ಯಾಮೆರಾ. ಮೊದಲೇ ತೆಗೆದ ಫಿಲ್ಮನ್ನು ಒಂದೊಂದೇ ಚೌಕಟ್ಟಾಗಿ ತೋರಿಸಿ ಹೊಸ ಫಿಲ್ಮಿನ ಮೇಲೆ ಮತ್ತೆ ಚಿತ್ರ ತೆಗೆಯುವ ಸಾಧನ. ಚಿತ್ರದ ಒಂದು ಭಾಗವನ್ನು ಮರೆಮಾಡಿ, ಆ ಜಾಗದಲ್ಲಿ ಇನ್ನೊಂದು ಫಿಲ್ಮಿನ ಭಾಗವನ್ನು ಕೂರಿಸಬಹುದು. ಓಡುತ್ತಿರುವ ಜನ ಒಂದು ಫಿಲ್ಮಿನಲ್ಲಿ, ದೈತ್ಯ ಇನ್ನೊಂದರಲ್ಲಿ. ಎರಡೂ ಸೇರಿ ಒಂದೇ ಬೀದಿ. ಇಂದು ಗಣಕಯಂತ್ರ ಮಾಡುವ ಈ ಕೆಲಸವನ್ನು ಅಂದು ಮಸೂರಗಳೂ ಹಲ್ಲುಚಕ್ರಗಳೂ ಮಾಡುತ್ತಿದ್ದವು.

ಕೈಯಿಂದ ಹೊರಡುವ ಕಿರಣದ ಗುಟ್ಟೂ ಇಲ್ಲೇ ಇದೆ. ಕಲಾವಿದರು ಅದನ್ನು ಒಂದೊಂದು ಚೌಕಟ್ಟಿಗೂ ಬೇರೆಬೇರೆಯಾಗಿ ಬರೆಯಬೇಕಿತ್ತು. ಸೆಕೆಂಡಿಗೆ 24 ಚೌಕಟ್ಟು. ಎರಡು ಸೆಕೆಂಡಿನ ಕಿರಣಕ್ಕೆ 48 ಚಿತ್ರ! ನಟನ ಕೈ ಅಲ್ಲಾಡಿದರೆ ಚಿತ್ರವೂ ಅದರೊಡನೆ ಅಲ್ಲಾಡಬೇಕು. ಆದ್ದರಿಂದ ಎಡಗೈ ಅಡ್ಡ, ಬಲಗೈ ನೆಟ್ಟಗೆ, ಒಂದನ್ನೊಂದು ತಾಗಿಸಿ ಕದಲದಂತೆ ನಿಲ್ಲುವ ಭಂಗಿ ಎಲ್ಲ ರೀತಿಯಲ್ಲೂ ಅನುಕೂಲವಾಯಿತು. ಜಪಾನಿನ ಮಕ್ಕಳೆಲ್ಲ ಅನುಕರಿಸಿದ ಆ ಪ್ರಸಿದ್ಧ ಭಂಗಿ, ಚಿತ್ರ ಬರೆಯುವವನ ಕಷ್ಟವನ್ನೂ ಅರಿತ ಭಂಗಿ.

ಒಬ್ಬ ವೀರ, ಇಬ್ಬರು ನಟರು

ಇನ್ನು ಪಾತ್ರಧಾರಿಗಳ ಆಯ್ಕೆ. ಕಥೆಯ ಪ್ರಕಾರ ಹಯಾತಾ ಎಂಬ ತರುಣ ‘ವಿಜ್ಞಾನ ಪಡೆ’ಯ ಸದಸ್ಯ. ದೂರದ ಲೋಕದಿಂದ ಬಂದ ಅಲ್ಟ್ರಾಮನ್‌ನ ಗೋಲಕ್ಕೆ ಅವನ ವಿಮಾನ ಡಿಕ್ಕಿಯಾಗಿ ಹಯಾತಾ ಸಾಯುತ್ತಾನೆ. ನೊಂದ ಅಲ್ಟ್ರಾಮನ್ ತನ್ನ ಜೀವವನ್ನೇ ಅವನೊಡನೆ ಹಂಚಿಕೊಳ್ಳುತ್ತಾನೆ. ಮುಂದೆ ಇಬ್ಬರೂ ಒಬ್ಬರೇ.

ಪರದೆಯ ಹಿಂದೆ ಮಾತ್ರ ಇಬ್ಬರೂ ಇಬ್ಬರೇ! ಹಯಾತಾನಾಗಿ ಮುಖ ತೋರಿಸಿದವರು ಸುಸುಮು ಕುರೊಬೆ. ಬೆಳ್ಳಿ ಪೋಷಾಕಿನೊಳಗೆ ಹೊಕ್ಕು ಹೋರಾಡಿದವರು ಬಿನ್ ಫುರುಯಾ. ಮೊದಲನೆಯವರನ್ನು ಎಲ್ಲರೂ ಗುರುತಿಸಿದರು. ಎರಡನೆಯವರ ಮುಖವನ್ನು ಯಾರೂ ಕಾಣಲಿಲ್ಲ.

ಫುರುಯಾ ತೋಹೊ ಚಿತ್ರಸಂಸ್ಥೆಯಲ್ಲಿದ್ದ ತರುಣ ನಟ. ಎತ್ತರ 1.81 ಮೀಟರ್, ಅಂದಿನ ಜಪಾನಿನಲ್ಲಿ ಅದು ಅಪರೂಪದ ಎತ್ತರ. ಉದ್ದ ಕೈಕಾಲು, ತೆಳು ಮೈಕಟ್ಟು. ‘ಅಲ್ಟ್ರಾ ಕ್ಯೂ’ವಿನಲ್ಲಿ ಕೆಮೂರ್ ಎಂಬ ಅನ್ಯಲೋಕದವನ ವೇಷ ಹಾಕಿದ್ದರು. ಅಲ್ಟ್ರಾಮನ್‌ನ ರೂಪವನ್ನು ಕಲ್ಪಿಸಿದ ಶಿಲ್ಪಿ ತೊರು ನರಿತಾ ಅವರಿಗೆ ಈ ಅಂಗಸೌಷ್ಠವವೇ ಬೇಕಾಗಿತ್ತು. ಫುರುಯಾಗೆ ಮನಸ್ಸಿರಲಿಲ್ಲ. ನಟನಾಗಬೇಕೆಂದು ಬಂದವನಿಗೆ ಮುಖವೇ ಕಾಣದ ಪಾತ್ರ! ಯಾರಿಗೆ ತಾನೆ ಇಷ್ಟವಾದೀತು? ಆದರೂ ಒತ್ತಾಯಕ್ಕೆ ಒಪ್ಪಿದರು.

ನರಿತಾ ಅವರ ಮೊದಲ ಕಲ್ಪನೆಗಳು ಹೀಗಿರಲಿಲ್ಲ. ಒಂದು ಹಂತದಲ್ಲಿ ವೀರನಿಗೆ ಹಕ್ಕಿಯಂತೆ ಕೊಕ್ಕು ರೆಕ್ಕೆಗಳಿದ್ದವು. ಇನ್ನೊಂದು ಹಂತದಲ್ಲಿ ಕೊಂಬುಗಳಿದ್ದವು. ಹೀಗಾದರೆ ವೀರ ಯಾರು, ರಾಕ್ಷಸ ಯಾರು ಎಂದು ಮಕ್ಕಳಿಗೆ ತಿಳಿಯುವುದು ಹೇಗೆ? ಬೇಡದ್ದನ್ನೆಲ್ಲ ಒಂದೊಂದಾಗಿ ತೆಗೆಯುತ್ತ ಹೋದರು. ಕೊನೆಗೆ ಉಳಿದದ್ದು ನುಣುಪಾದ, ಶಾಂತವಾದ ಮುಖ. ಫುರುಯಾ ಮುಖದ ಅಚ್ಚನ್ನೇ ಆಧಾರವಾಗಿಟ್ಟು ಅಕಿರಾ ಸಸಾಕಿ ಅದನ್ನು ರೂಪಿಸಿದರು. ಮೊದಲ ಮುಖವಾಡದ ಬಾಯಿ ಆಡಿಸಲು ಬರುವಂತಿತ್ತು. ಅದು ಚೆನ್ನಾಗಿ ಕಾಣದೆ ಕೈಬಿಟ್ಟರು. 14ನೆಯ ಕಂತಿನಿಂದ ಗಟ್ಟಿ ಫೈಬರ್ ಗ್ಲಾಸಿನ ಮುಖವಾಡ ಬಂತು. ಬೆನ್ನ ಮೇಲಿನ ಮೀನಿನ ಈಜುರೆಕ್ಕೆಯಂಥ ಅಂಚು ಏಕಿದೆ ಗೊತ್ತೆ? ಪೋಷಾಕಿನ ಜಿಪ್ ಕಾಣದಿರಲಿ ಎಂದು!

ಹಳೆಯ ಚರ್ಮ, ಹೊಸ ರಾಕ್ಷಸ

ವೀರನೊಬ್ಬನಾದರೆ ಶತ್ರುಗಳು ವಾರಕ್ಕೊಬ್ಬರು. ಪ್ರತಿವಾರ ಹೊಸ ದೈತ್ಯನನ್ನು ಎಲ್ಲಿಂದ ತರುವುದು? ನಮ್ಮ ಮನೆಗಳಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರುವಂತೆ ಅಲ್ಲಿಯೂ ನಡೆಯಿತು. 1965ರ ಸಿನಿಮಾವೊಂದರ ‘ಬರಗಾನ್’ ಎಂಬ ಮೃಗದ ಪೋಷಾಕು ಸಿಕ್ಕಿತು. ತಲೆ ಬದಲಿಸಿ ಅದನ್ನು ‘ಅಲ್ಟ್ರಾ ಕ್ಯೂ’ವಿನ ಪಾಗೋಸ್ ಮಾಡಿದರು. ಅದೇ ಮುಂದೆ ಅಲ್ಟ್ರಾಮನ್‌ನ ಎದುರು ನೆರೋಂಗ, ಮಗುಲಾರ್, ಗಬೋರ ಎಂಬ ಮೂರು ಹೆಸರುಗಳಲ್ಲಿ ಬಂದು ಮೂರು ಸಲ ಸತ್ತಿತು! 10ನೆಯ ಕಂತಿನ ಜಿರಾಸ್ ಯಾರು? ಸಾಕ್ಷಾತ್ ಗಾಡ್ಜಿಲ್ಲಾ. ಕೊರಳ ಸುತ್ತ ದೊಡ್ಡದೊಂದು ಝಾಲರಿ ಕಟ್ಟಿ ವೇಷ ಮರೆಸಿದ್ದರು. 1954ರಲ್ಲಿ ಗಾಡ್ಜಿಲ್ಲಾ ಆಗಿದ್ದ ಹರುವೊ ನಕಾಜಿಮಾ ಅವರೇ ಅದರೊಳಗಿದ್ದರು. ಜಪಾನಿನ ಮಕ್ಕಳ ಅಚ್ಚುಮೆಚ್ಚಿನ ಶತ್ರು ಬಾಲ್ಟನ್‌ನ ತಲೆಯೂ ಹಿಂದಿನ ಧಾರಾವಾಹಿಯ ಜೀರುಂಡೆ ಮನುಷ್ಯನ ಮುಖವಾಡದಿಂದ ತಿದ್ದಿದ್ದು.

ಗಡಿಯಾರಕ್ಕೆ ಮೋಸ

ಈಗ ವಿಜ್ಞಾನದ ಪಾಠಕ್ಕೆ ಬರೋಣ. ಫುರುಯಾ ಎತ್ತರ 1.81 ಮೀಟರ್, ಅಲ್ಟ್ರಾಮನ್ 40 ಮೀಟರ್. ಅನುಪಾತ ಸುಮಾರು 22. ಆದ್ದರಿಂದ ಕಟ್ಟಡ, ಸೇತುವೆ, ವಿದ್ಯುತ್ ಕಂಬಗಳನ್ನೆಲ್ಲ 22ನೆಯ ಒಂದು ಭಾಗಕ್ಕೆ ಕುಗ್ಗಿಸಿ ಕಟ್ಟಿದರೆ ನಟ ದೈತ್ಯನಾಗಿ ಕಂಡಾನು. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ ತೊಡಕೊಂದಿದೆ, ಅದು ಕಾಲದ್ದು.

22 ಮೀಟರ್ ಎತ್ತರದಿಂದ ಒಂದು ಕಲ್ಲು ಬೀಳಲು ಎಷ್ಟು ಹೊತ್ತು ಬೇಕು? ಎತ್ತರದ ಎರಡರಷ್ಟನ್ನು ಗುರುತ್ವ ವೇಗೋತ್ಕರ್ಷ 9.8ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಉತ್ತರ ಸುಮಾರು 2.1 ಸೆಕೆಂಡು. ಅದೇ ಕಟ್ಟಡದ ಮಾದರಿ ಒಂದೇ ಮೀಟರ್ ಎತ್ತರದ್ದು. ಅದರ ಮೇಲಿಂದ ಬೀಳಲು 0.45 ಸೆಕೆಂಡು ಸಾಕು. ಭೂಮಿಯ ಗುರುತ್ವ ಮಾದರಿಗೆಂದು ರಿಯಾಯಿತಿ ಕೊಡುವುದಿಲ್ಲವಲ್ಲ! ಹಾಗಾಗಿ ಇದ್ದದ್ದನ್ನು ಇದ್ದಂತೆ ಚಿತ್ರಿಸಿದರೆ ಮಹಲು ‘ಟಪ್’ ಎಂದು ಬೆಂಕಿಪೊಟ್ಟಣದಂತೆ ಉರುಳುತ್ತದೆ. ನೋಡಿದ ಮಗುವೂ ನಗುತ್ತದೆ.

ಪರಿಹಾರ ಕ್ಯಾಮೆರಾದಲ್ಲಿದೆ. 22ರ ವರ್ಗಮೂಲ ಸುಮಾರು 4.7. ಸೆಕೆಂಡಿಗೆ 24ರ ಬದಲು ಅದರ 4.7ರಷ್ಟು, ಅಂದರೆ ಸುಮಾರು 113 ಚೌಕಟ್ಟು ತೆಗೆದು, ತೋರಿಸುವಾಗ 24ರಂತೆಯೇ ತೋರಿಸಿದರೆ 0.45 ಸೆಕೆಂಡಿನ ಬೀಳು 2.1 ಸೆಕೆಂಡಿನದಾಗುತ್ತದೆ. ಕಟ್ಟಡಕ್ಕೆ ತೂಕ ಬಂದಂತೆ ಕಾಣುತ್ತದೆ. ಹೆಜ್ಜೆಗೆ ಗಾಂಭೀರ್ಯ ಬರುತ್ತದೆ. ಪ್ರತಿ ದೃಶ್ಯಕ್ಕೂ ಇದೇ ಅಂಕಿಯನ್ನು ಹಿಡಿಯುತ್ತಿದ್ದರೆಂದಲ್ಲ. ಆದರೆ ಮಾದರಿ ದೃಶ್ಯಗಳನ್ನು ಹೆಚ್ಚು ವೇಗದಲ್ಲಿ ಚಿತ್ರಿಸುವ ಪದ್ಧತಿಯ ಬುಡದಲ್ಲಿರುವುದು ಈ ಲೆಕ್ಕವೇ. ನೀರು ಮತ್ತು ಬೆಂಕಿ ಮಾತ್ರ ಈ ಲೆಕ್ಕಕ್ಕೆ ಬಗ್ಗವು. ಹನಿಯ ಗಾತ್ರವನ್ನು ನಿರ್ಧರಿಸುವುದು ನೀರಿನ ಮೇಲ್ಮೈ ಸೆಳೆತ. ಅದನ್ನು 22 ಪಾಲು ಕುಗ್ಗಿಸಲಾಗದು. ಇಂಥ ಚಿತ್ರಗಳಲ್ಲಿ ಸಮುದ್ರದ ದೃಶ್ಯ ಬಂದಾಗ ಹನಿಗಳನ್ನು ಗಮನಿಸಿ. ಗುಟ್ಟು ರಟ್ಟಾಗುವುದು ಅಲ್ಲೇ.

ಬೆವರಿನ ಬೆಲೆ

ಈ ಉಪಾಯಕ್ಕೆ ಬೆಲೆ ತೆತ್ತವರು ಯಾರು? ಕ್ಯಾಮೆರಾ 4.7ರಷ್ಟು ವೇಗವಾಗಿ ಓಡಿದರೆ ಒಂದೊಂದು ಚೌಕಟ್ಟಿಗೆ ಬೆಳಕು ಬೀಳುವ ಅವಧಿ ಅಷ್ಟೇ ಕಡಿಮೆಯಾಗುತ್ತದೆ. ಚಿತ್ರ ಕಪ್ಪಾಗದಿರಲು ಬೆಳಕನ್ನು ಅಷ್ಟೇ ಪಾಲು ಹೆಚ್ಚಿಸಬೇಕು. ಅಂದಿನ ದೀಪಗಳು ಬೆಳಕಿಗಿಂತ ಹೆಚ್ಚಾಗಿ ಶಾಖವನ್ನೇ ಚೆಲ್ಲುತ್ತಿದ್ದವು. ಅಂಥ ದೀಪಗಳ ಸಾಲಿನ ಕೆಳಗೆ, ಗಾಳಿಯಾಡದ ರಬ್ಬರ್ ಪೋಷಾಕಿನೊಳಗೆ ಒಬ್ಬ ಮನುಷ್ಯ! ಮೈಯ ಬೆವರು ಆರಿದರೆ ತಾನೇ ಮೈ ತಂಪಾಗುವುದು? ರಬ್ಬರಿನೊಳಗೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಮುಖವಾಡದ ಸಣ್ಣ ರಂಧ್ರಗಳಿಂದ ಕಾಣುವುದು ಅಷ್ಟಕ್ಕಷ್ಟೆ. ಸುತ್ತ ಸಿಡಿಮದ್ದು, ಹೊಗೆ. ಎದುರಿಗೆ ಅದೇ ರೀತಿ ಕಾಣದೆ ಒದ್ದಾಡುತ್ತಿರುವ ಇನ್ನೊಬ್ಬ ನಟ, ದೈತ್ಯನ ಚರ್ಮದೊಳಗೆ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಇದಕ್ಕೇ ಸಲ್ಲಬೇಕು.

ಫುರುಯಾಗೆ ಸಾಕಾಗಿಹೋಯಿತು. ಒಂದು ದಿನ, ಈ ಕೆಲಸ ಬಿಡುತ್ತೇನೆ ಎಂದು ಹೇಳಿಬರಲು ಬಸ್ಸು ಹತ್ತಿದರು. ಅದೇ ಬಸ್ಸಿನಲ್ಲಿ ಕೆಲವು ಮಕ್ಕಳಿದ್ದರು. ಅವರ ಬಾಯಲ್ಲಿ ಅಲ್ಟ್ರಾಮನ್‌ನದೇ ಮಾತು! ಕಣ್ಣರಳಿಸಿಕೊಂಡು ಆಡುತ್ತಿದ್ದ ಆ ಮಕ್ಕಳಿಗೆ, ಪಕ್ಕದಲ್ಲಿದ್ದ ತೆಳ್ಳನೆಯ ಯುವಕ ಯಾರೆಂಬುದು ಗೊತ್ತಿರಲಿಲ್ಲ. ಕೆಲಸ ಬಿಡುವ ಯೋಚನೆಯನ್ನು ಫುರುಯಾ ಅಲ್ಲಿಯೇ ಬಿಟ್ಟರು. ಮುಂದೆ 2009ರಲ್ಲಿ ಪ್ರಕಟವಾದ ತಮ್ಮ ನೆನಪಿನ ಪುಸ್ತಕದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅವರಿಗೆ ಮುಖ ತೋರಿಸುವ ಅವಕಾಶವೂ ಬಂತು. 1967ರ ಅಕ್ಟೋಬರಿನಲ್ಲಿ ಆರಂಭವಾದ ‘ಅಲ್ಟ್ರಾಸೆವೆನ್’ನಲ್ಲಿ ಅವರು ಪೋಷಾಕು ಕಳಚಿ ಅಮಾಗಿ ಎಂಬ ಪಾತ್ರ ವಹಿಸಿದರು.

ಜನಪ್ರಿಯತೆಯ ಶಿಖರದಲ್ಲೇ ‘ಅಲ್ಟ್ರಾಮನ್’ ಮುಗಿಯಿತೆಂಬುದು ಅಚ್ಚರಿಯ ಸಂಗತಿ. ವೀಕ್ಷಕರ ಪ್ರಮಾಣ ಸರಾಸರಿ ಶೇಕಡ 36.8. ಯಾವ ಕಾರ್ಯಕ್ರಮಕ್ಕಾದರೂ ಹೊಟ್ಟೆಕಿಚ್ಚು ಬರಿಸುವ ಅಂಕಿಯಿದು. ಆದರೂ 39 ಕಂತುಗಳ ನಂತರ, 1967ರ ಏಪ್ರಿಲ್ 9ರಂದು ಅದು ನಿಂತಿತು. ಕಾರಣ ಸರಳ. ಮಾದರಿ ಊರು ಕಟ್ಟಿ, ಕೆಡವಿ, ಚಿತ್ರಿಸಿ, ಕಿರಣ ಬರೆದು, ಫಿಲ್ಮು ಕೂಡಿಸುವ ಕೆಲಸ ವಾರಕ್ಕೊಂದರಂತೆ ಮುಗಿಯುತ್ತಿರಲಿಲ್ಲ. ಪರದೆಯ ಮೇಲಿನ ವೀರನಿಗೆ ಮೂರು ನಿಮಿಷದ ಮಿತಿಯಿದ್ದಂತೆ, ಪರದೆಯ ಹಿಂದಿನವರಿಗೂ ಒಂದು ಮಿತಿಯಿತ್ತು. ಅವರ ಕೆಂಪು ದೀಪವೂ ಮಿಟುಕಿತು.

ಲೆಕ್ಕ ಹಾಕಿದರೆ ಭಯವಿಲ್ಲ

ಇಂಥ ಕಾರ್ಯಕ್ರಮಗಳ ಬಗ್ಗೆ ತಂದೆತಾಯಿಯರಿಗೆ ಆತಂಕವಿದ್ದರೆ ಅದು ಸಹಜ. ನಮ್ಮಲ್ಲಿಯೇ 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾದಾಗ, ಮಕ್ಕಳು ಅದನ್ನು ಅನುಕರಿಸಲು ಹೋಗಿ ಅಪಾಯಕ್ಕೆ ಸಿಲುಕಿದರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಆ ಪಾತ್ರ ವಹಿಸಿದ್ದ ಮುಕೇಶ್ ಖನ್ನಾ ಅವರು ಹಾಗೆಲ್ಲ ಮಾಡಬಾರದೆಂದು ಕಾರ್ಯಕ್ರಮದಲ್ಲಿಯೇ ಮಕ್ಕಳಿಗೆ ತಿಳಿಹೇಳಬೇಕಾಯಿತು. ಟಿ.ವಿ. ಆರಿಸಿಬಿಟ್ಟರೆ ಸಮಸ್ಯೆ ಮುಗಿಯಿತೆ? ಪಕ್ಕದ ಮನೆಯಲ್ಲಿ ಇನ್ನೊಂದು ಟಿ.ವಿ. ಇದ್ದೇ ಇರುತ್ತದೆ. ಮಗುವಿನ ಪಕ್ಕದಲ್ಲಿ ಕುಳಿತು “ಇದನ್ನು ಹೇಗೆ ಮಾಡಿರಬಹುದು?” ಎಂದು ಕೇಳುವುದು ಹೆಚ್ಚು ಫಲ ಕೊಟ್ಟೀತು. ಪ್ರಶ್ನೆ ಕೇಳಲು ಕಲಿತ ಮಗು ಮಹಡಿಯಿಂದ ಹಾರುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಮನುಷ್ಯನನ್ನು ಎಲ್ಲ ದಿಕ್ಕಿನಲ್ಲೂ 22 ಪಾಲು ಹಿಗ್ಗಿಸಿದರೆ ತೂಕ 22ರ ಘನದಷ್ಟು, ಅಂದರೆ 10,648 ಪಾಲು ಹೆಚ್ಚುತ್ತದೆ. 70 ಕಿಲೋ ತೂಗುವವನು ಸುಮಾರು 745 ಟನ್ ಆದಾನು. ಅಲ್ಟ್ರಾಮನ್‌ನ ತೂಕವಾದರೋ 35,000 ಟನ್. ಸುಮಾರು 47 ಪಾಲು ಹೆಚ್ಚು! ಮನುಷ್ಯನ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೆ. ಹಾಗಿದ್ದರೆ ಅಲ್ಟ್ರಾಮನ್ ನೀರಿಗಿಂತ 47 ಪಾಲು ಸಾಂದ್ರ. ಧಾತುಗಳಲ್ಲೆಲ್ಲ ಅತಿ ಸಾಂದ್ರವಾದ ಆಸ್ಮಿಯಂ ಕೂಡ ನೀರಿನ 22.6ರಷ್ಟು ಮಾತ್ರ. ಇನ್ನು ಕಾಲಿನ ಮೂಳೆ. ಅದರ ಅಡ್ಡಕೊಯ್ತ 22ರ ವರ್ಗದಷ್ಟು, 484 ಪಾಲು ಮಾತ್ರ ಹಿಗ್ಗುತ್ತದೆ. ಮಾಮೂಲು ಮನುಷ್ಯನನ್ನೇ ಹಿಗ್ಗಿಸಿದರೂ ಮೂಳೆಯ ಮೇಲಿನ ಒತ್ತಡ 22 ಪಾಲಾಗುತ್ತದೆ. ನಿಲ್ಲುವುದಿರಲಿ, ಎದ್ದು ಕೂರಲೂ ಆಗದು. ದೈತ್ಯನಿಗೆ ಮನುಷ್ಯನ ಆಕಾರ ಒಪ್ಪದೆಂದು ಗೆಲಿಲಿಯೊ 1638ರಲ್ಲಿಯೇ ಬರೆದಿದ್ದಾನೆ.

ಒಂದು ಪ್ರಯೋಗವನ್ನೂ ಮಾಡಬಹುದು. ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಮಾಡಿ. ಬೆರಳಿನಿಂದ ತಳ್ಳುವಾಗ ಮೊಬೈಲ್ ಫೋನಿನಲ್ಲಿ ಮೊದಲು ಮಾಮೂಲಿನಂತೆ, ಆಮೇಲೆ ‘ಸ್ಲೋ ಮೋಷನ್’ನಲ್ಲಿ ಚಿತ್ರ ತೆಗೆಯಿರಿ. ಫೋನನ್ನು ನೆಲದ ಮಟ್ಟದಲ್ಲಿಡಿ. ಎರಡನ್ನೂ ಹೋಲಿಸಿ ನೋಡಿ. ತ್ಸುಬುರಾಯ ಅವರ ಉಪಾಯ ನಿಮ್ಮ ಅಂಗೈಯಲ್ಲಿರುತ್ತದೆ.

ಕೊನೆಯದಾಗಿ ಕೊನೆಯ ಕಂತಿನ ಮಾತು. ಅದರಲ್ಲಿ ಜೆಟ್ಟನ್ ಎಂಬ ದೈತ್ಯನೆದುರು ಅಲ್ಟ್ರಾಮನ್ ಸೋತು ನೆಲಕ್ಕುರುಳುತ್ತಾನೆ. ಹಾಗಾದರೆ ಜೆಟ್ಟನ್‌ನನ್ನು ಕೊಂದವರಾರು? ಪ್ರಯೋಗಶಾಲೆಯ ವಿಜ್ಞಾನಿ ತಯಾರಿಸಿದ ಸಣ್ಣದೊಂದು ಅಸ್ತ್ರದಿಂದ, ಮಾಮೂಲು ಎತ್ತರದ ಮನುಷ್ಯರು. ತಮ್ಮ ಭೂಮಿಯನ್ನು ಇನ್ನು ತಾವೇ ಕಾಪಾಡಿಕೊಳ್ಳಬೇಕೆಂದು ಅವರು ನಿಶ್ಚಯಿಸುತ್ತಾರೆ. ಅಲ್ಟ್ರಾಮನ್ ತನ್ನ ಲೋಕಕ್ಕೆ ಮರಳುತ್ತಾನೆ. ಒಂಬತ್ತು ತಿಂಗಳ ಕಾಲ ಮಹಾವೀರನನ್ನು ಮೆರೆಸಿದ ಆ ಜನ ಮಕ್ಕಳಿಗೆ ಬಿಟ್ಟುಹೋದ ಮಾತು ಇದು.